ಪ್ಯಾಚ್ ಕಳಿಸುವ ಮೊದಲು: ಓಪನ್ ಸೋರ್ಸ್‌ಗೆ ಕೋಡ್ ಬರೆಯುವವರಿಗೆ ಸ್ಟೈಲ್ ಮತ್ತು ಯೂನಿಟ್ ಟೆಸ್ಟ್ ಪಾಠ

ಐನೂರು ರೂಪಾಯಿಯ ರಶೀದಿ. ಮೊತ್ತವನ್ನು ಅಕ್ಷರದಲ್ಲಿ ಬರೆಯುವ ಜಾಗದಲ್ಲಿ "ಐನೂರ ಮಾತ್ರ" ಎಂದು ಅಚ್ಚಾಗಿತ್ತು. ಕೊನೆಯ ಕೊಂಬು ಇಲ್ಲ. ಕೌಂಟರಿನಲ್ಲಿ ಕೂತವರು ಪ್ರತಿ ರಶೀದಿಗೂ ಪೆನ್ನಿನಲ್ಲಿ ಕೊಂಬು ಎಳೆದು ಕೊಡುತ್ತಿದ್ದರು.

ಆ ತಪ್ಪು ನನ್ನದು. ಅಂಕಿಯನ್ನು ಕನ್ನಡ ಪದಕ್ಕೆ ತಿರುಗಿಸುವ ಒಂದು ಸಣ್ಣ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ) ಲೈಬ್ರರಿಗೆ ನಾನು ಪ್ಯಾಚ್, ಅಂದರೆ ಒಂದು ತಿದ್ದುಪಡಿ, ಕಳಿಸಿದ್ದೆ. ಯೂನಿಟ್ ಟೆಸ್ಟ್, ಅಂದರೆ ಕೋಡಿನ ಒಂದು ಸಣ್ಣ ಭಾಗ ಸರಿ ಉತ್ತರ ಕೊಡುತ್ತದೆಯೇ ಎಂದು ನೋಡುವ ಕೋಡ್, ಬರೆಯದೆ ಕಳಿಸಿರಲಿಲ್ಲ, ಬರೆದೇ ಕಳಿಸಿದ್ದೆ. 101, 501, 1001 ಮೂರೂ ಸರಿ ಬರುತ್ತಿದ್ದವು. ನಮ್ಮ ಉಡುಪಿಯಲ್ಲಿ ಮದುವೆ ಮುಯ್ಯಿ ಇರಲಿ, ಯಕ್ಷಗಾನ ಆಟದ ಹರಕೆಗೆ ಕೊಡುವ ದುಡ್ಡಿರಲಿ, ಕೊನೆಗೊಂದು ಒಂದು ರೂಪಾಯಿ ಇದ್ದೇ ಇರುತ್ತದೆ ಅಲ್ವಾ? ನನ್ನ ತಲೆಗೆ ಹೊಳೆದದ್ದೂ ಅದೇ ಅಂಕಿಗಳು. ಸುಮ್ನೆ 500 ಕೊಡುವವರೂ ಇರುತ್ತಾರೆ ಎಂದು ಹೊಳೆಯಲೇ ಇಲ್ಲ.

ಈಗ ಶನಿವಾರ ಸಂಜೆ ಕುಂಜಿಬೆಟ್ಟಿನ ನಮ್ಮ ಮನೆಯ ಜಗಲಿಯಲ್ಲಿ ಐದಾರು ಜನ ಸೇರುತ್ತೇವೆ. ಮಣಿಪಾಲ, ನಿಟ್ಟೆ, ಸುರತ್ಕಲ್ ಕಡೆಯ ಕಾಲೇಜು ಮಕ್ಕಳೇ ಜಾಸ್ತಿ. ಅಕ್ಟೋಬರ್ ಬಂತೆಂದರೆ ಹ್ಯಾಕ್ಟೋಬರ್‌ಫೆಸ್ಟ್ (ಓಪನ್ ಸೋರ್ಸ್‌ಗೆ ಕೋಡ್ ಕಳಿಸುವವರ ಹಬ್ಬ) ಎಂದು ಇನ್ನೂ ನಾಲ್ಕು ಜನ ಬರುತ್ತಾರೆ. ಎಲ್ಲರಿಗೂ ಕೋಡ್ ಬರೆಯಲು ಬರುತ್ತದೆ. ಆದರೆ ಬೇರೆಯವರ ಪ್ರಾಜೆಕ್ಟಿಗೆ ಬರೆಯುವುದು ಬೇರೆಯದೇ ಕೆಲಸ. ಅಲ್ಲಿ ನಿಮ್ಮ ಕೋಡನ್ನು ಓದುವವರು ಸಂಬಳಕ್ಕೆ ಓದುವುದಿಲ್ಲ. ಆಫೀಸು ಮುಗಿಸಿ, ಊಟ ಮಾಡಿ, ರಾತ್ರಿ ಹತ್ತು ಗಂಟೆಗೆ ಲ್ಯಾಪ್‌ಟಾಪ್ ತೆರೆದು ಅರ್ಧ ಗಂಟೆ ಕೊಡುತ್ತಾರೆ. ಆ ಅರ್ಧ ಗಂಟೆ ಸ್ಪೇಸ್ ಎಣಿಸುವುದರಲ್ಲಿ ಕಳೆದುಹೋಗಬಾರದು. ಇಲ್ಲಿ ಹೇಳುವುದೆಲ್ಲ ಅದಕ್ಕಾಗಿ.

ಒಂದು ಸೂಚನೆ. ಕಮಾಂಡುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು ಎಂದು ಬೇರೆ ಹೇಳಬೇಕಿಲ್ಲ.

ಮೊದಲ ಕೆಲಸ: ಏನನ್ನೂ ಮುಟ್ಟದೆ ಟೆಸ್ಟ್ ಓಡಿಸಿ

ಪ್ರಾಜೆಕ್ಟನ್ನು ಫೋರ್ಕ್ ಮಾಡಿ (ನಿಮ್ಮ ಖಾತೆಗೆ ನಕಲು), ಕ್ಲೋನ್ ಮಾಡಿಕೊಂಡಿರಿ (ಆ ನಕಲನ್ನು ನಿಮ್ಮ ಕಂಪ್ಯೂಟರಿಗೆ ಇಳಿಸುವುದು). ಈಗ ಕೈ ತಡೆಯಿರಿ. ಮೊದಲು 'ಕಾಂಟ್ರಿಬ್ಯೂಟಿಂಗ್' ಎಂಬ ಫೈಲ್ ಇದೆಯೇ ನೋಡಿ. ಇದ್ದರೆ ಪೂರ್ತಿ ಓದಿ. ಯಾವ ಫಾರ್ಮ್ಯಾಟರ್ (ಕೋಡಿನ ಸ್ಪೇಸ್, ಸಾಲುಗಳನ್ನು ತಾನೇ ಜೋಡಿಸುವ ಟೂಲ್), ಟೆಸ್ಟ್ ಓಡಿಸುವುದು ಹೇಗೆ, ಬ್ರಾಂಚ್‌ಗೆ (ನಿಮ್ಮ ಬದಲಾವಣೆ ಮಾಡುವ ಪ್ರತ್ಯೇಕ ಕವಲು) ಏನು ಹೆಸರು, ಕಮಿಟ್‌ನಲ್ಲಿ (ದಾಖಲಿಸಿದ ಒಂದು ಬದಲಾವಣೆ) ನಿಮ್ಮ ಹೆಸರು, ಇಮೇಲ್ ಇರುವ ಸೈನ್-ಆಫ್ ಸಾಲು ಬೇಕೇ, ಎಲ್ಲ ಅಲ್ಲೇ ಇರುತ್ತದೆ. ಸೈನ್-ಆಫ್ ಬೇಕೆಂದಿದ್ದರೆ, ಬದಲಾವಣೆಗಳ ಇತಿಹಾಸ ಇಡುವ ಗಿಟ್ ಟೂಲಿನ 'ಗಿಟ್ ಕಮಿಟ್' ಮುಂದೆ ಹೈಫನ್ ಮತ್ತು ಚಿಕ್ಕ 'ಎಸ್' ಹಾಕಿದರೆ ಸಾಕು, ಸಾಲು ತಾನೇ ಸೇರುತ್ತದೆ.

ಆಮೇಲೆ ಇರುವ ಟೆಸ್ಟುಗಳನ್ನೆಲ್ಲ ಒಮ್ಮೆ ಓಡಿಸಿ. ಪೈಥಾನ್ ಪ್ರಾಜೆಕ್ಟಾದರೆ ಬಹಳ ಕಡೆ 'ಪೈಟೆಸ್ಟ್' ಎಂದು ಹೊಡೆದರೆ ಸಾಕು. ಹಸಿರು ಎಂದರೆ ಟೆಸ್ಟ್ ಗೆದ್ದಿತು, ಕೆಂಪು ಎಂದರೆ ಸೋತಿತು. ನೀವು ಏನೂ ಬದಲಾಯಿಸುವ ಮೊದಲೇ ಎರಡು ಟೆಸ್ಟ್ ಕೆಂಪಾಗಿದ್ದರೆ ಅದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮೂರು ಗಂಟೆ ಕಳೆದ ಮೇಲೆ, "ನಾನು ಎಂತ ಹಾಳು ಮಾಡಿದೆ ಮಾರಾಯ್ರೇ?" ಎಂದು ತಲೆ ಕೆರೆಯುತ್ತಾ ಕೂರುತ್ತೀರಿ. ನೀವು ಹಾಳು ಮಾಡಿರುವುದೇ ಇಲ್ಲ.

ಸ್ಟೈಲ್: ಆ ಮನೆಯ ಪದ್ಧತಿ

ಬೇರೆಯವರ ಮನೆಗೆ ಊಟಕ್ಕೆ ಹೋದಾಗ ಎಲೆಯ ತುದಿ ಯಾವ ಕಡೆ ಇರಬೇಕು ಎಂದು ವಾದ ಮಾಡುತ್ತೀರಾ? ಅವರು ಹಾಕಿದ ಹಾಗೆ ಕೂತು ಊಟ ಮಾಡುತ್ತೀರಿ. ಕೋಡಿಂಗ್ ಸ್ಟೈಲೂ ಹಾಗೆಯೇ. ಪೈಥಾನ್‌ನವರ ಪೆಪ್ 8 ಎಂಬ ಮಾರ್ಗಸೂಚಿ 2001ರಿಂದ ಇದೆ. ಅದರ ಪ್ರಕಾರ ಇಂಡೆಂಟ್‌ಗೆ ನಾಲ್ಕು ಸ್ಪೇಸ್, ಸಾಲಿಗೆ ಹೆಚ್ಚೆಂದರೆ 79 ಅಕ್ಷರ. ಬ್ಲ್ಯಾಕ್ ಎಂಬ ಫಾರ್ಮ್ಯಾಟರ್ 88 ಅಕ್ಷರದವರೆಗೆ ಬಿಡುತ್ತದೆ. ಲಿನಕ್ಸ್ ಕರ್ನಲ್‌ನಲ್ಲಿ ಇಂಡೆಂಟ್‌ಗೆ ಟ್ಯಾಬ್, ಅದೂ ಎಂಟು ಅಕ್ಷರದಷ್ಟು ಅಗಲ. ಗೋ ಭಾಷೆಯಲ್ಲಿ ಗೋಫಮ್ಟ್ ಎಂಬ ಟೂಲ್ ಹೇಳಿದ್ದೇ ಕೊನೆಯ ಮಾತು. ಯಾವುದು ಸರಿ? ನೀವು ಈಗ ಕೂತಿರುವ ಮನೆಯದ್ದು ಸರಿ. ಪೆಪ್ 8 ಕೂಡ ಇದನ್ನೇ ಹೇಳುತ್ತದೆ: ತನ್ನ ನಿಯಮ ಪಾಲಿಸುವುದಕ್ಕಿಂತ ಆ ಪ್ರಾಜೆಕ್ಟಿನೊಳಗೆ ಒಂದೇ ಥರ ಇರುವುದು ಮುಖ್ಯ ಎಂದು.

ಆ ಮನೆಯ ಪದ್ಧತಿ ತಿಳಿಯುವುದು ಹೇಗೆ? ಪ್ರಾಜೆಕ್ಟಿನ ಮೇಲ್ಮಟ್ಟದ ಫೋಲ್ಡರಿನಲ್ಲಿ 'ಎಡಿಟರ್‌ಕಾನ್ಫಿಗ್' ಫೈಲ್ ಇದ್ದರೆ ಟ್ಯಾಬೋ ಸ್ಪೇಸೋ ಎಂಬುದು ಅದರಲ್ಲಿರುತ್ತದೆ. ಹೆಚ್ಚಿನ ಎಡಿಟರ್‌ಗಳು ಅದನ್ನು ತಾವೇ ಓದಿಕೊಳ್ಳುತ್ತವೆ, ಕೆಲವಕ್ಕೆ ಒಂದು ಎಕ್ಸ್‌ಟೆನ್ಶನ್ ಬೇಕು. 'ಪ್ರಿ-ಕಮಿಟ್' ಸೆಟಪ್ ಇದ್ದರೆ ಇನ್ನೂ ಒಳ್ಳೆಯದು. ಒಮ್ಮೆ ಇನ್‌ಸ್ಟಾಲ್ ಮಾಡಿದರೆ ಪ್ರತಿ ಕಮಿಟ್‌ಗೂ ಮೊದಲು ಫಾರ್ಮ್ಯಾಟರ್, ಲಿಂಟರ್ (ಕೋಡಿನಲ್ಲಿ ಸಾಮಾನ್ಯ ತಪ್ಪು ಹುಡುಕುವ ಟೂಲ್) ತಾನಾಗಿಯೇ ಓಡುತ್ತವೆ. ಎರಡೂ ಇಲ್ಲವೆಂದರೆ, ನೀವು ತಿದ್ದುತ್ತಿರುವ ಫೈಲಿನ ಮೇಲಿನ ಐವತ್ತು ಸಾಲು, ಕೆಳಗಿನ ಐವತ್ತು ಸಾಲು ಓದಿ. ಹಾಗೇ ಬರೆಯಿರಿ.

ಇಲ್ಲಿ ನಾನು ಮಾಡಿದ ಇನ್ನೊಂದು ಮಂಗಾಟವನ್ನೂ ಹೇಳಿಬಿಡುತ್ತೇನೆ. ಒಮ್ಮೆ ಮೂರು ಸಾಲಿನ ತಿದ್ದುಪಡಿ ಕಳಿಸಿದೆ. ನನ್ನ ಎಡಿಟರಿನಲ್ಲಿ 'ಸೇವ್ ಮಾಡಿದಾಗ ಫಾರ್ಮ್ಯಾಟ್ ಮಾಡು' ಎಂಬುದು ಆನ್ ಆಗಿತ್ತು. ಅದು ಇಡೀ ಫೈಲಿನ ಸಿಂಗಲ್ ಕೋಟುಗಳನ್ನೆಲ್ಲ ಡಬಲ್ ಮಾಡಿತು, ಉದ್ದ ಸಾಲುಗಳನ್ನು ಮುರಿಯಿತು. ಡಿಫ್ (ತೆಗೆದ ಸಾಲು ಕೆಂಪು, ಸೇರಿಸಿದ್ದು ಹಸಿರು ಎಂದು ತೋರಿಸುವ ಪಟ್ಟಿ) ತೆರೆದರೆ ಸ್ಕ್ರೋಲ್ ಮಾಡಿದಷ್ಟೂ ಕೆಂಪು-ಹಸಿರು. ನನ್ನ ಮೂರು ಸಾಲು ಎಲ್ಲೋ ಮಧ್ಯದಲ್ಲಿ, ಗದ್ದೆಯಲ್ಲಿ ಬಿದ್ದ ಉಂಗುರದ ಹಾಗೆ. ಪ್ರಾಜೆಕ್ಟನ್ನು ನೋಡಿಕೊಳ್ಳುವ ಮೇಂಟೇನರ್ ಬೈಯಲಿಲ್ಲ. "ಇದರಲ್ಲಿ ನೀವು ತಿದ್ದಿದ್ದು ಯಾವುದು?" ಎಂದು ಒಂದೇ ಸಾಲು ಕೇಳಿದರು. ಬೈದಿದ್ದರೇ ವಾಸಿ ಅನಿಸಿತು.

ಆವತ್ತಿನಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. 'ಗಿಟ್ ಆ್ಯಡ್' ಮುಂದೆ ಹೈಫನ್ 'ಪಿ' ಹಾಕುತ್ತೇನೆ. ಗಿಟ್ ಒಂದೊಂದೇ ತುಂಡು ತೋರಿಸಿ "ಇದನ್ನು ಸೇರಿಸಲೇ?" ಎಂದು ಕೇಳುತ್ತದೆ. ನನ್ನದಲ್ಲದ ತುಂಡಿಗೆ ಬೇಡ ಎನ್ನುತ್ತೇನೆ. ಎರಡು ನಿಮಿಷದ ಕೆಲಸ. ಕೋಡ್ ಸೇರಿಸುವುದಿರಲಿ, ಸ್ಟೈಲ್ ತಿದ್ದುವುದಿರಲಿ, ಒಂದು ಕಮಿಟ್‌ನಲ್ಲಿ ಒಂದೇ ಸಂಗತಿ ಇರಲಿ. ಫಾರ್ಮ್ಯಾಟಿಂಗ್ ಸರಿಮಾಡಲೇಬೇಕು ಅನಿಸಿದರೆ ಮೊದಲು ಕೇಳಿ, ಒಪ್ಪಿದರೆ ಬೇರೆ ಕಮಿಟ್ ಮಾಡಿ. ಇಲ್ಲದಿದ್ದರೆ ನಾಳೆ ಯಾರೋ, ಯಾವ ಸಾಲನ್ನು ಕೊನೆಗೆ ಯಾರು ಬದಲಾಯಿಸಿದರು ಎಂದು ತೋರಿಸುವ 'ಗಿಟ್ ಬ್ಲೇಮ್' ಹೊಡೆದಾಗ ಪ್ರತಿ ಸಾಲಿನ ಮುಂದೆಯೂ ನಿಮ್ಮ ಹೆಸರೇ ಬರುತ್ತದೆ, ಆ ಸಾಲು ನಿಜವಾಗಿ ಏಕೆ ಬಂತು ಎಂಬುದು ಮುಚ್ಚಿಹೋಗುತ್ತದೆ.

ಟೂಲ್ ನೋಡಿಕೊಳ್ಳದ ಸಂಗತಿ ಎರಡೇ: ಹೆಸರು ಮತ್ತು ಕಾಮೆಂಟ್. 'ಡೇಟಾ2' ಎಂಬ ವೇರಿಯಬಲ್ ಯಾರಿಗೂ ಏನನ್ನೂ ಹೇಳುವುದಿಲ್ಲ. ಅದರಲ್ಲಿ ಸಾವಿರದ ನಂತರ ಉಳಿದ ಮೊತ್ತ ಇದ್ದರೆ ಹಾಗೇ ಹೆಸರಿಡಿ. ಕಾಮೆಂಟ್‌ನಲ್ಲಿ ಕೋಡ್ ಏನು ಮಾಡುತ್ತದೆ ಎಂದು ಬರೆಯಬೇಡಿ, ಅದು ಕಾಣುತ್ತದೆ. ಏಕೆ ಹಾಗೆ ಮಾಡುತ್ತದೆ ಎಂದು ಬರೆಯಿರಿ. "200ಕ್ಕೆ ಎರಡುನೂರು ಅನ್ನುವುದಿಲ್ಲ, ಇನ್ನೂರು ಅನ್ನುತ್ತೇವೆ, ಆದ್ದರಿಂದ ನೂರರ ಪದಗಳಿಗೆ ಪ್ರತ್ಯೇಕ ಪಟ್ಟಿ" ಎಂಬ ಒಂದು ಸಾಲು, ಕನ್ನಡ ಗೊತ್ತಿಲ್ಲದ ರಿವ್ಯೂವರ್‌ಗೂ ವಿಷಯ ತಿಳಿಸುತ್ತದೆ. ಇಲ್ಲದಿದ್ದರೆ ಅವರು "ಈ ಪಟ್ಟಿ ಏಕೆ, ಎರಡನ್ನೂ ನೂರನ್ನೂ ಜೋಡಿಸಿದರೆ ಸಾಲದೇ?" ಎಂದು ಕೇಳಿಯೇ ಕೇಳುತ್ತಾರೆ.

ಟೆಸ್ಟ್ ಮೊದಲು ಕೆಂಪಾಗಲಿ

ಈಗ ಮುಖ್ಯ ಕೆಲಸ. ಆ ಕೊಂಬಿನ ಬಗ್ ಅನ್ನೇ ತೆಗೆದುಕೊಳ್ಳೋಣ.

ಬಗ್ ಸರಿಮಾಡುವ ಮೊದಲು ಟೆಸ್ಟ್ ಬರೆಯಿರಿ. 500 ಕೊಟ್ಟರೆ 'ಐನೂರು' ಬರಬೇಕು, ಅಷ್ಟೇ. ಟೆಸ್ಟ್‌ಗೆ ಮೂರೇ ಭಾಗ: ಬೇಕಾದ್ದನ್ನು ಜೋಡಿಸಿಕೊಳ್ಳುವುದು, ಫಂಕ್ಷನ್ ಕರೆಯುವುದು, ಬಂದದ್ದನ್ನು ನೋಡುವುದು. ಓಡಿಸಿ. ಕೆಂಪು ಬರಬೇಕು. ಬರಲಿಲ್ಲವೆಂದರೆ ನಿಮ್ಮ ಟೆಸ್ಟ್ ಬಗ್ ಅನ್ನು ಮುಟ್ಟಿಯೇ ಇಲ್ಲ. ಎಷ್ಟೋ ಸಲ ಫೈಲಿನ ಹೆಸರು 'ಟೆಸ್ಟ್ ಅಂಡರ್‌ಸ್ಕೋರ್' ಎಂದು ಶುರುವಾಗದೆ ಇರುವುದರಿಂದ ಪೈಟೆಸ್ಟ್ ಅದನ್ನು ನೋಡಿಯೇ ಇರುವುದಿಲ್ಲ. ನೀವು "ಎಲ್ಲ ಹಸಿರು" ಎಂದು ಖುಷಿಯಾಗಿ ಬನ್ಸ್ ತಿನ್ನಲು ಹೋಗಿರುತ್ತೀರಿ.

ಕೆಂಪು ಬಂದ ಮೇಲೆ ಕೋಡ್ ಸರಿಮಾಡಿ. ಹಸಿರಾಯಿತೇ? ಈಗ ಯಾವ ಅಂಕಿಗಳಲ್ಲಿ ಇನ್ನೂ ಎಡವಬಹುದು ಎಂದು ಕೂತು ಯೋಚಿಸಿ. ಇದು ಟೆಸ್ಟ್ ಬರೆಯುವುದರಲ್ಲಿ ನಿಜವಾಗಿ ತಲೆ ಓಡಿಸಬೇಕಾದ ಜಾಗ. ನಾನು ಈಗ ಬರೆಯುವ ಪಟ್ಟಿ ಹೀಗಿದೆ:

0 → ಸೊನ್ನೆ
19 → ಹತ್ತೊಂಬತ್ತು
20 → ಇಪ್ಪತ್ತು
99 → ತೊಂಬತ್ತೊಂಬತ್ತು
100 → ನೂರು
101 → ನೂರ ಒಂದು
200 → ಇನ್ನೂರು
500 → ಐನೂರು
501 → ಐನೂರ ಒಂದು
900 → ಒಂಬೈನೂರು
1,000 → ಒಂದು ಸಾವಿರ
1,001 → ಒಂದು ಸಾವಿರದ ಒಂದು
10,500 → ಹತ್ತು ಸಾವಿರದ ಐನೂರು
1,00,000 → ಒಂದು ಲಕ್ಷ
1,50,000 → ಒಂದು ಲಕ್ಷದ ಐವತ್ತು ಸಾವಿರ

ಸುಮ್ನೆ ಹದಿನೈದು ಅಂಕಿ ಆರಿಸಿದ್ದಲ್ಲ. ಕನ್ನಡದಲ್ಲಿ ಪದ ತಿರುಗುವ ಕಡೆಯೇ ಕೋಡೂ ತಿರುಗುತ್ತದೆ. ಹಿಂದೆ ಏನಾದರೂ ಉಳಿದಿದ್ದರೆ 'ನೂರು' ಹೋಗಿ 'ನೂರ' ಆಗುತ್ತದೆ, 'ಸಾವಿರ' ಹೋಗಿ 'ಸಾವಿರದ' ಆಗುತ್ತದೆ, 'ಲಕ್ಷ' ಹೋಗಿ 'ಲಕ್ಷದ' ಆಗುತ್ತದೆ. ಆದ್ದರಿಂದ ಪ್ರತಿ ತಿರುವಿನಲ್ಲೂ ಎರಡೆರಡು ಬೇಕು: ಉಳಿಕೆ ಇಲ್ಲದ್ದು ಒಂದು, ಇರುವುದು ಒಂದು. 347, 348, 349 ಎಂದು ಮೂವತ್ತು ಟೆಸ್ಟ್ ಬರೆದರೂ ಲಾಭವಿಲ್ಲ, ಎಲ್ಲವೂ ಒಂದೇ ದಾರಿಯಲ್ಲಿ ಹೋಗುತ್ತವೆ. ಘಾಟಿಯಲ್ಲಿ ಬ್ರೇಕ್ ನೋಡಬೇಕಾದ್ದು ತಿರುವಿನಲ್ಲಿ, ಪಡುಬಿದ್ರಿಯ ನೇರ ಹೈವೇಯಲ್ಲಿ ಅಲ್ಲ.

ಇಂಥ ಪಟ್ಟಿಗೆ ಹದಿನೈದು ಫಂಕ್ಷನ್ ಬರೆಯುವ ಅಗತ್ಯವಿಲ್ಲ. ಪೈಟೆಸ್ಟ್‌ನಲ್ಲಿ 'ಪ್ಯಾರಾಮೆಟ್ರೈಸ್' ಇದೆ, ಜಾವಾದ ಜೆಯೂನಿಟ್ 5ರಲ್ಲೂ ಅಂಥದ್ದೇ ಇದೆ. ಟೆಸ್ಟ್ ಒಂದೇ, ಅಂಕಿಗಳ ಪಟ್ಟಿ ಬೇರೆ. ಒಂದು ಸಾಲು ಸೋತರೆ ಯಾವ ಅಂಕಿಯಲ್ಲಿ ಸೋತಿತು ಎಂದು ಹೆಸರು ಹೇಳಿ ತೋರಿಸುತ್ತದೆ. ಒಂದೇ ಟೆಸ್ಟಿನೊಳಗೆ ಲೂಪ್ ಹಾಕಿ ಹದಿನೈದನ್ನೂ ಓಡಿಸಿದರೆ ಮೊದಲನೆಯದು ಸೋತ ತಕ್ಷಣ ನಿಲ್ಲುತ್ತದೆ, ಉಳಿದ ಹದಿನಾಲ್ಕರ ಸುದ್ದಿಯೇ ಇಲ್ಲ.

ಒಂದು ಕಿಲಾಡಿ ಪರೀಕ್ಷೆ ಹೇಳುತ್ತೇನೆ. ಎಲ್ಲ ಹಸಿರಾದ ಮೇಲೆ ಕೋಡನ್ನು ಬೇಕೆಂದೇ ಕೆಡಿಸಿ. 'ದೊಡ್ಡದಾಗಿದ್ದರೆ' ಇರುವಲ್ಲಿ 'ದೊಡ್ಡದು ಅಥವಾ ಸಮ' ಎಂದು ಮಾಡಿ. ಟೆಸ್ಟ್ ಕೆಂಪಾಯಿತೇ? ಸರಿ, ವಾಪಸ್ ಹಾಕಿ. ಆಗಲಿಲ್ಲವೇ? ಆ ಸಾಲನ್ನು ಯಾರೂ ಕಾಯುತ್ತಿಲ್ಲ ಎಂದರ್ಥ. ಟೆಸ್ಟಿನಲ್ಲಿ ಎಷ್ಟು ಸಾಲು ಓಡಿದವು ಎಂದು ಹೇಳುವ ಕವರೇಜ್ ರಿಪೋರ್ಟ್ ನೂರಕ್ಕೆ ನೂರು ತೋರಿಸುತ್ತಿರಬಹುದು, ಅದನ್ನು ಜಾಸ್ತಿ ನಂಬಬೇಡಿ. ಆ ಸಾಲು ಓಡಿತು ಎಂದಷ್ಟೇ ಅದಕ್ಕೆ ಗೊತ್ತು. ಬಂದ ಉತ್ತರವನ್ನು ಯಾರಾದರೂ ನೋಡಿದರೇ ಎಂಬುದು ಅದಕ್ಕೆ ಗೊತ್ತಿಲ್ಲ.

ಕನ್ನಡ ಪಠ್ಯ ಇದ್ದರೆ ಇನ್ನೂ ನಾಲ್ಕು ಟೆಸ್ಟ್

ಇಂಗ್ಲಿಷ್ ಮಾತ್ರ ಗೊತ್ತಿರುವ ಪ್ರಾಜೆಕ್ಟುಗಳಲ್ಲಿ ಇವು ಇರುವುದೇ ಇಲ್ಲ. ನಾವು ಕೊಡಬಹುದಾದ ಅತಿ ಬೆಲೆಯುಳ್ಳ ಪ್ಯಾಚ್‌ಗಳು ಇವೇ ಎಂದು ನನ್ನ ಲೆಕ್ಕ.

ಮೊದಲನೆಯದು ಉದ್ದ. 'ಉಡುಪಿ' ನಮ್ಮ ಕಣ್ಣಿಗೆ ಮೂರಕ್ಷರ. ಪೈಥಾನ್‌ಗೆ ಐದು, ಏಕೆಂದರೆ ಕೊಂಬು, ಗುಡಿಸು ಎಲ್ಲವೂ ಯೂನಿಕೋಡ್‌ನಲ್ಲಿ (ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಅಂಕಿ ಕೊಡುವ ಪಟ್ಟಿ) ಬೇರೆ ಬೇರೆ ಸಂಕೇತಗಳು. 'ಮಂಗಳೂರು' ನಾಲ್ಕಕ್ಷರ, ಏಳು ಸಂಕೇತ, ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ 21 ಬೈಟ್. 'ಹೆಸರು 20 ಬೈಟ್ ಮೀರಬಾರದು' ಎಂದು ಯಾರಾದರೂ ಕತ್ತರಿ ಹಾಕಿದ್ದರೆ ನಮ್ಮ ಊರಿನ ಕೊನೆಯ ಕೊಂಬು ತುಂಡಾಗಿ ವಜ್ರಾಕಾರದೊಳಗೆ ಪ್ರಶ್ನೆಚಿಹ್ನೆ ಬರುತ್ತದೆ. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ 16ಕ್ಕೆ ಸೇರಿತಲ್ಲ, ಅದರ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಒಂದೊಂದು ಸಂಕೇತಕ್ಕೂ ನಾಲ್ಕು ಬೈಟ್, ಜಾವಾಸ್ಕ್ರಿಪ್ಟ್‌ನಲ್ಲಿ ಉದ್ದ ಕೇಳಿದರೆ ಒಂದಕ್ಕೆ ಎರಡು ಎನ್ನುತ್ತದೆ.

ಎರಡನೆಯದು ನೋಡಲು ಒಂದೇ, ಒಳಗೆ ಬೇರೆ. 'ಕೋಟ' ಎಂಬ ಊರ ಹೆಸರನ್ನು ಮೂರು ಸಂಕೇತಗಳಲ್ಲೂ ಬರೆಯಬಹುದು, ಐದರಲ್ಲೂ ಬರೆಯಬಹುದು. ಓತ್ವದ ದೀರ್ಘವನ್ನು ಇಡಿಯಾಗಿ ಒಂದು ಸಂಕೇತ ಎಂದು ಇಟ್ಟರೆ ಮೂರು. ಅದನ್ನೇ ಏತ್ವ, ಕೊಂಬಿನ ದೀರ್ಘ, ದೀರ್ಘದ ಚಿಹ್ನೆ ಎಂದು ಒಡೆದರೆ ಐದು. ಹಳೆಯ ಮ್ಯಾಕ್‌ನ ಫೈಲ್ ಹೆಸರುಗಳಲ್ಲಿ ಒಡೆದ ರೂಪ ಇರುತ್ತಿತ್ತು. ಸ್ಕ್ರೀನಿನಲ್ಲಿ ಎರಡೂ ಒಂದೇ ಥರ. ಆದರೆ ಹೋಲಿಸಿದರೆ "ಬೇರೆ ಬೇರೆ" ಎಂಬ ಉತ್ತರ ಬರುತ್ತದೆ. ಹುಡುಕಿದರೆ ಕೋಟ ಸಿಗುವುದೇ ಇಲ್ಲ. ಹೋಲಿಸುವ ಮೊದಲು ಎರಡನ್ನೂ ಎನ್‌ಎಫ್‌ಸಿ ಎಂಬ ಜೋಡಿಸಿದ ರೂಪಕ್ಕೆ ತರಬೇಕು, ಪೈಥಾನ್‌ನ 'ಯೂನಿಕೋಡ್‌ಡೇಟಾ' ಮಾಡ್ಯೂಲಿನಲ್ಲಿ ಅದಕ್ಕೆ ಫಂಕ್ಷನ್ ಇದೆ. ಟೆಸ್ಟಿನಲ್ಲಿ ಒಡೆದ ರೂಪವನ್ನು ಕೀಬೋರ್ಡಿನಿಂದ ಟೈಪ್ ಮಾಡಬೇಡಿ. ಸಂಕೇತಗಳ ಅಂಕಿ ಕೊಟ್ಟು ಕಟ್ಟಿರಿ. ಇಲ್ಲದಿದ್ದರೆ ಯಾರದೋ ಎಡಿಟರ್ ಅದನ್ನು ಸದ್ದಿಲ್ಲದೆ ಜೋಡಿಸಿಬಿಡುತ್ತದೆ, ಟೆಸ್ಟ್ ಇದ್ದೂ ಇಲ್ಲದ ಹಾಗೆ.

ಮೂರನೆಯದು ಅಕಾರಾದಿ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ, ಹ ಆದ ಮೇಲೆ. ಯೂನಿಕೋಡ್‌ನಲ್ಲಿ ಅದು ಲ ಮತ್ತು ವ ನಡುವೆ ಕೂತಿದೆ. ಬಳ್ಕುಂಜೆ ಮತ್ತು ಬಸ್ರೂರನ್ನು ಸುಮ್ನೆ 'ಸಾರ್ಟ್' ಮಾಡಿದರೆ ಬಳ್ಕುಂಜೆ ಮೊದಲು ಬರುತ್ತದೆ. ಶಾಲೆಯಲ್ಲಿ ಕಲಿತ ಪ್ರಕಾರ ಬಸ್ರೂರು ಮೊದಲು ಬರಬೇಕು. ಎರಡೇ ಊರಿನ ಹೆಸರು ಇಟ್ಟು ಒಂದು ಟೆಸ್ಟ್ ಬರೆದರೆ ಸಾಕು, ತಪ್ಪು ಹಿಡಿಯುತ್ತದೆ.

ನಾಲ್ಕನೆಯದು ಕನ್ನಡ ಅಂಕಿ. ಫಾರ್ಮಿನಲ್ಲಿ ಯಾರಾದರೂ ೫೦೦ ಎಂದು ಹಾಕಿದರೆ? ಪೈಥಾನ್‌ನ 'ಇಂಟ್' ಅದನ್ನು 500 ಎಂದೇ ಓದಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್‌ನ 'ನಂಬರ್' ಇದು ಸಂಖ್ಯೆಯೇ ಅಲ್ಲ ಎನ್ನುತ್ತದೆ. ಬ್ರೌಸರಿನಲ್ಲಿ ಸೋತು ಸರ್ವರಿನಲ್ಲಿ ಗೆದ್ದರೆ ಬಳಸುವವರಿಗೆ ತಲೆಬುಡ ಅರ್ಥವಾಗುವುದಿಲ್ಲ. ಏನಾಗಬೇಕು ಎಂದು ಪ್ರಾಜೆಕ್ಟಿನವರ ಹತ್ತಿರ ಕೇಳಿ, ಅವರು ಹೇಳಿದ್ದನ್ನು ಟೆಸ್ಟಿನಲ್ಲಿ ಬರೆದಿಡಿ.

ಕರೆಂಟ್ ಹೋದರೂ ಓಡುವ ಟೆಸ್ಟ್

ಜೂನ್ ತಿಂಗಳು ನಮಗೆ ಪುಕ್ಕಟೆಯಾಗಿ ಕೊಡುವ ಒಂದು ಪರೀಕ್ಷೆ ಇದೆ. ಗಾಳಿಮಳೆಗೆ ಎಲ್ಲೋ ತೆಂಗಿನ ಗರಿ ಲೈನಿನ ಮೇಲೆ ಬೀಳುತ್ತದೆ. ಕರೆಂಟ್ ಹೋಗುತ್ತದೆ, ಜೊತೆಗೆ ನೆಟ್ಟೂ ಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇದೆ. ಈಗ ಟೆಸ್ಟ್ ಓಡಿಸಿ. ಒಂದು ಶನಿವಾರ ಹಾಗೇ ಮಾಡಿದೆವು. 60 ಟೆಸ್ಟಿನಲ್ಲಿ ನಾಲ್ಕು ಕೆಂಪು. ನೋಡಿದರೆ ಆ ನಾಲ್ಕೂ ಒಳಗೊಳಗೇ ಇಂಟರ್ನೆಟ್ಟಿಗೆ ಹೋಗಿ ಏನೋ ತರುತ್ತಿದ್ದವು.

ಯೂನಿಟ್ ಟೆಸ್ಟ್ ಎಂದ ಮೇಲೆ ನೆಟ್, ಡೇಟಾಬೇಸ್, ಗಡಿಯಾರ ಯಾವುದನ್ನೂ ನೆಚ್ಚಿಕೊಂಡಿರಬಾರದು. ನೆಟ್‌ನಿಂದ ಬರುವುದನ್ನು ಕೈಯಾರೆ ಮಾಡಿದ ನಕಲಿ ಉತ್ತರದಿಂದ ಬದಲಾಯಿಸಿ. ಇದಕ್ಕೆ ಮಾಕ್ ಮಾಡುವುದು ಎನ್ನುತ್ತಾರೆ. ಆದರೆ ಎಲ್ಲವನ್ನೂ ಮಾಕ್ ಮಾಡುವ ಚಟ ಬೇಡ. ಮಾಡುತ್ತಾ ಹೋದರೆ ಕೊನೆಗೆ ನಕಲಿಯು ನಕಲಿಯನ್ನು ಪರೀಕ್ಷಿಸುತ್ತಿರುತ್ತದೆ, ಅಸಲಿ ಕೋಡ್ ಹೊರಗೆ ನಿಂತು ನೋಡುತ್ತಿರುತ್ತದೆ.

ಗಡಿಯಾರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರಶೀದಿಯಲ್ಲಿ ಇವತ್ತಿನ ತಾರೀಕು ಹಾಕುವ ಫಂಕ್ಷನ್ ಇದೆ ಎಂದುಕೊಳ್ಳಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸರಿಯಾಗಿಯೇ ಬರುತ್ತದೆ. ಸರ್ವರ್ ಮಾತ್ರ ಯುಟಿಸಿ ಎಂಬ ಜಾಗತಿಕ ಮಾನಕ ಸಮಯದಲ್ಲಿ ಓಡುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಿಗ್ಗೆ 5 ಗಂಟೆಗೆ ಕೌಂಟರ್ ತೆರೆದು ರಶೀದಿ ಹರಿದರೆ ಅಲ್ಲಿ ಇನ್ನೂ ಹಿಂದಿನ ದಿನದ ರಾತ್ರಿ ಹನ್ನೊಂದೂವರೆ. ರಶೀದಿಯಲ್ಲಿ ನಿನ್ನೆಯ ತಾರೀಕು! ಹಗಲು ಹೊತ್ತು ಯಾರು ಎಷ್ಟು ಸಲ ನೋಡಿದರೂ ಈ ತಪ್ಪು ಸಿಗುವುದಿಲ್ಲ. ಇದಕ್ಕೆ ಮದ್ದು ಸುಲಭ. ಫಂಕ್ಷನ್ ತಾನೇ ಗಡಿಯಾರ ನೋಡದೆ ಸಮಯವನ್ನು ಆರ್ಗ್ಯುಮೆಂಟ್ ಆಗಿ ತೆಗೆದುಕೊಳ್ಳಲಿ. ಟೆಸ್ಟಿನಲ್ಲಿ ಯುಟಿಸಿ 23:30 ಕೊಟ್ಟು ಮರುದಿನದ ತಾರೀಕು ಬರುತ್ತದೆಯೇ ನೋಡಿ.

ದುಡ್ಡಿನ ಲೆಕ್ಕ ಇದ್ದರೆ ಪೈಸೆಯಲ್ಲಿ, ಪೂರ್ಣಾಂಕದಲ್ಲಿ ಇಡಿ. ಕಂಪ್ಯೂಟರಿನ 'ಫ್ಲೋಟ್' ಎಂಬ ದಶಮಾಂಶ ಲೆಕ್ಕದಲ್ಲಿ 0.1 ಮತ್ತು 0.2 ಕೂಡಿದರೆ ಸರಿಯಾಗಿ 0.3 ಬರುವುದಿಲ್ಲ. ಹಾಲಿನ ಲೆಕ್ಕ ಬರೆಯುವವರು ಇದರಲ್ಲಿ ಸಿಕ್ಕಿಬಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ.

ಆಗಾಗ ಕೆಂಪು, ಆಗಾಗ ಹಸಿರು ಆಗುವ ಟೆಸ್ಟ್ ಕಂಡರೆ "ಇನ್ನೊಮ್ಮೆ ಓಡಿಸಿದರೆ ಸರಿಯಾಗುತ್ತದೆ" ಎಂದು ಬಿಡಬೇಡಿ. ಟೆಸ್ಟುಗಳ ಸರದಿ ಬದಲಾಯಿಸಿ ನೋಡಿ. ಒಂದು ಟೆಸ್ಟ್ ಬಿಟ್ಟುಹೋದ ಫೈಲನ್ನು ಇನ್ನೊಂದು ನೆಚ್ಚಿಕೊಂಡಿರುತ್ತದೆ, ಬಹಳ ಸಲ ಇಷ್ಟೇ ಕಥೆ.

ಕಳಿಸುವುದು

ಕಮಿಟ್ ಮೆಸೇಜಿನ ಮೊದಲ ಸಾಲು 50 ಅಕ್ಷರದೊಳಗೆ ಇರಲಿ, ಒಂದು ಸಾಲು ಖಾಲಿ ಬಿಡಿ, ಕೆಳಗಿನ ವಿವರ 72 ಅಕ್ಷರಕ್ಕೆ ಮುರಿಯಲಿ. ಇದು ಗಿಟ್ ಬಳಸುವವರಲ್ಲಿ ನಡೆದು ಬಂದ ರೂಢಿ. 'ಬಗ್ ಫಿಕ್ಸ್' ಎಂದು ಬರೆದರೆ ಯಾವ ಬಗ್ ಎಂದು ಆರು ತಿಂಗಳ ಮೇಲೆ ನಿಮಗೇ ತಿಳಿಯುವುದಿಲ್ಲ. "500ಕ್ಕೆ ಐನೂರು ಬರುವಂತೆ ಮಾಡಿದ್ದು" ಎಂಬರ್ಥದ ಸಾಲು ಬರೆಯಿರಿ, ಆ ಪ್ರಾಜೆಕ್ಟಿನವರು ಬಳಸುವ ಭಾಷೆಯಲ್ಲಿ.

ಪುಲ್ ರಿಕ್ವೆಸ್ಟ್‌ನಲ್ಲಿ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ನಾಲ್ಕು ಸಾಲು ಸಾಕು. ಏನು ತಪ್ಪಾಗುತ್ತಿತ್ತು, ಏಕೆ, ಏನು ಬದಲಾಯಿಸಿದಿರಿ, ಯಾವ ಟೆಸ್ಟ್ ಅದನ್ನು ತೋರಿಸುತ್ತದೆ. ಕನ್ನಡ ಗೊತ್ತಿಲ್ಲದವರು ಓದುವುದಾದರೆ 'ನೂರು' ಮತ್ತು 'ನೂರ' ನಡುವಿನ ವ್ಯತ್ಯಾಸವನ್ನು ಒಂದು ಸಾಲಿನಲ್ಲಿ ವಿವರಿಸಿ. ಅವರು ನಿಮ್ಮ ಭಾಷೆಯನ್ನು ನಂಬಬೇಕಾದ್ದಿಲ್ಲ, ಟೆಸ್ಟನ್ನು ನಂಬಿದರೆ ಸಾಕು.

ಕಳಿಸಿದ ಮೇಲೆ ಸಿಐ, ಅಂದರೆ ಪ್ರಾಜೆಕ್ಟಿನ ತಾನಾಗಿ ನಡೆಯುವ ತಪಾಸಣೆ, ಓಡುತ್ತದೆ. ದೂರದ ಯಾವುದೋ ಮೆಷಿನ್‌ನಲ್ಲಿ ಎಲ್ಲ ಟೆಸ್ಟ್, ಲಿಂಟರ್ ಓಡಿ ಫಲಿತಾಂಶ ಬರುತ್ತದೆ. ಕೆಂಪಾದರೆ ರಿವ್ಯೂವರ್ ಬಂದು ಹೇಳಲಿ ಎಂದು ಕಾಯಬೇಡಿ, ಲಾಗ್ ತೆರೆದು ನೀವೇ ಓದಿ. ಬಹಳ ಸಲ ಕೊನೆಯ ಇಪ್ಪತ್ತು ಸಾಲಿನಲ್ಲೇ ಕಾರಣ ಸಿಗುತ್ತದೆ.

ರಿವ್ಯೂ ಬಂದಾಗ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. "ಈ ಹೆಸರು ಬದಲಾಯಿಸಿ" ಎಂದರೆ ಬದಲಾಯಿಸಿ, "ಮಾಡಿದೆ" ಎಂದು ಉತ್ತರಿಸಿ. ಒಪ್ಪದಿದ್ದರೆ ವಾದದ ಬದಲು ಟೆಸ್ಟ್ ಕೊಡಿ. ನಮ್ಮಲ್ಲಿ ಬರುವ ಹುಡುಗಿಯೊಬ್ಬಳು ಕಳೆದ ಬಾರಿ ಹಾಗೇ ಮಾಡಿದಳು. "ಸಾರ್ಟ್ ಸರಿಯಾಗಿಯೇ ಇದೆಯಲ್ಲ" ಎಂದು ರಿವ್ಯೂವರ್ ಬರೆದಿದ್ದರು. ಇವಳು ಬಳ್ಕುಂಜೆ-ಬಸ್ರೂರು ಟೆಸ್ಟ್ ಸೇರಿಸಿ, ವರ್ಣಮಾಲೆಯ ಕೊನೆಯ ಒಂಬತ್ತು ಅಕ್ಷರ ಬರೆದು ಕಳಿಸಿದಳು. ಮರುದಿನ ಬೆಳಿಗ್ಗೆ ಮರ್ಜ್ ಆಗಿತ್ತು, ಅಂದರೆ ಪ್ರಾಜೆಕ್ಟಿಗೆ ಸೇರಿತ್ತು.

ಒಂದು ವಾರ ಕಳೆದರೂ ಉತ್ತರ ಇಲ್ಲವೆಂದರೆ ಒಮ್ಮೆ ಮೆಲ್ಲನೆ ನೆನಪಿಸಿ. ದಿನಾ ನೆನಪಿಸಬೇಡಿ. ಮರ್ಜ್ ಆದ ಮೇಲೆ ನಿಮ್ಮ ಬ್ರಾಂಚ್ ಅಳಿಸಿ, ಮೇನ್ ಬ್ರಾಂಚನ್ನು ಪುಲ್ ಮಾಡಿಕೊಂಡು ಹೊಸ ಬ್ರಾಂಚ್‌ನಿಂದ ಮುಂದಿನ ಕೆಲಸ ಶುರುಮಾಡಿ.

ನಮ್ಮ ಲೈಬ್ರರಿಯಲ್ಲಿ ಒಂದು ಇಶ್ಯೂ (ಬಗೆಹರಿಸಬೇಕಾದ ದೂರು) ಇನ್ನೂ ತೆರೆದೇ ಉಂಟು. 900ಕ್ಕೆ 'ಒಂಬೈನೂರು' ಸರಿ ಎಂದು ಟೆಸ್ಟ್ ಹೇಳುತ್ತದೆ. 'ಒಂಬತ್ತುನೂರು' ಅಂತ ಹೇಳುವವರೂ ಇದ್ದಾರೆ, ಅದನ್ನೂ ಒಪ್ಪಬೇಕು ಎಂದು ಒಬ್ಬರು ಬರೆದಿದ್ದಾರೆ. ಕೆಳಗೆ ಹದಿನೇಳು ಕಾಮೆಂಟ್ ಬಿದ್ದಿವೆ, ಟೆಸ್ಟ್ ಮಾತ್ರ ಯಾರೂ ಕಳಿಸಿಲ್ಲ.